ಬಾದಾಮಿಯಿಂದ ಐಹೊಳೆಗೆ ಡಾಂಬರು ಬಿಟ್ಟು ಸೈಕಲ್ಲಿನಲ್ಲಿ: ಕೊಳ್ಳದ ದಾರಿ ಬಲ್ಲವರು ಹೇಳಿ

ಗಾಲಿಗುರುತು (ಧಾರವಾಡ)
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ನಾನೂ ನನ್ನ ತಂಗಿಯೂ ಸೈಕಲ್ ತೆಗೆದುಕೊಂಡು ಬಾದಾಮಿಗೆ ಹೊರಟಿದ್ದೇವೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಡಾಂಬರು ರಸ್ತೆಯಲ್ಲಿ ಹಿಂದೊಮ್ಮೆ ಸುತ್ತಿದ್ದೇನೆ. ಪಟ್ಟದಕಲ್ಲಿಗೆ 22 ಕಿಲೋಮೀಟರ್, ಗಂಟೆ ದಾಟುವಷ್ಟರಲ್ಲಿ ತಲುಪಿಯಾಗಿತ್ತು. ನದಿ ಪಕ್ಕದಲ್ಲೇ ಇದ್ದರೂ ಅದರ ನೀರು ಕಂಡದ್ದು ದೇವಸ್ಥಾನದ ಹಿಂದೆ ಹೋಗಿ ನಿಂತಾಗ ಮಾತ್ರ. ಆ ಕೊರಗು ಇನ್ನೂ ಇದೆ.

ಈ ಸಲ ಮೊದಲ ದಿನ ಅಗಸ್ತ್ಯತೀರ್ಥ ಕೆರೆಯ ಹಿಂದಿನ ಗುಡ್ಡ ಹತ್ತಿ, ಮಹಾಕೂಟಕ್ಕೆ ಇಳಿದು, ನಂದಿಕೇಶ್ವರ ಊರಿನ ಮೇಲೆ ಪಟ್ಟದಕಲ್ಲು ಸೇರುವ ಯೋಚನೆ. ಅಲ್ಲಿ ನೆಂಟರ ಮನೆಯಿದೆ. ಮರುದಿನ ಮಲಪ್ರಭೆಯ ದಂಡೆ ಹಿಡಿದು ಐಹೊಳೆ, ಅಲ್ಲಿಂದ ಸಿದ್ಧನಕೊಳ್ಳ, ಕೊನೆಗೆ ಅಮೀನಗಡದಲ್ಲಿ ಬಸ್ಸು. ಗುಡ್ಡದ ದಾರಿಯಲ್ಲಿ ಎಷ್ಟು ದೂರ ಸೈಕಲ್ ಓಡುತ್ತದೆ, ಎಷ್ಟು ದೂರ ಹೊರಬೇಕು? ನದಿಯ ದಂಡೆಗೆ ಸಲೀಸಾದ ಕಾಲುದಾರಿ ಇದೆಯೇ? ನಮ್ಮದು ಮುಂದೆ ಮಾತ್ರ ಶಾಕ್ ಇರುವ ಸಾಧಾರಣ ಮೌಂಟೇನ್ ಸೈಕಲ್ಲುಗಳು, 2.2 ಇಂಚು ಟಯರು, ಒಳಗೆ ಟ್ಯೂಬು.

ಹಾಸುಬಂಡೆ
ಬಂಡೆ ಹತ್ತಲೆಂದು ಹತ್ತು ವರ್ಷದಿಂದ ಬಾದಾಮಿಗೆ ಬರುತ್ತಿದ್ದೇನೆ. ಆ ದಾರಿಯಲ್ಲಿ ಎಷ್ಟೋ ಸಲ ನಡೆದಿದ್ದೇನೆ, ಒಂದು ಸಲ ಸೈಕಲ್ಲನ್ನೂ ಒಯ್ದಿದ್ದೇನೆ. ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿಂದ ಸುಮಾರು ಐದು ಕಿಲೋಮೀಟರ್. ಕೆರೆಯ ದಂಡೆಯಿಂದ ಏರುವ ಮೊದಲ ಭಾಗದಲ್ಲಿ ಸೈಕಲ್ ಹೆಗಲ ಮೇಲೆಯೇ ಇರುತ್ತದೆ, ಆ ಬಗ್ಗೆ ಆಸೆ ಬೇಡ. ಮೇಲೆ ಹೋದರೆ ಅಗಲವಾದ ಹಾಸುಗಲ್ಲು. ಒಣಗಿದ ಮರಳುಗಲ್ಲು ಉಪ್ಪುಕಾಗದದ ಹಾಗೆ ಟಯರನ್ನು ಹಿಡಿದುಕೊಳ್ಳುತ್ತದೆ, ಅಲ್ಲಿ ಓಡಿಸುವ ಸುಖವೇ ಬೇರೆ. ಆದರೆ ಕಲ್ಲಿನ ತಗ್ಗುಗಳಲ್ಲಿ ಸಕ್ಕರೆಯಂಥ ಮರಳು ತುಂಬಿಕೊಂಡಿರುತ್ತದೆ. ಗಟ್ಟಿ ಕಲ್ಲಿನಿಂದ ಮುಂದಿನ ಗಾಲಿ ಅದರೊಳಗೆ ಇಳಿದೊಡನೆ ಹ್ಯಾಂಡಲ್ ತಾನಾಗಿ ತಿರುಗಿಬಿಡುತ್ತದೆ. ಮೈಭಾರ ಹಿಂದಕ್ಕೆ ಹಾಕಿ, ಮುಂದಿನ ಬ್ರೇಕ್ ಮುಟ್ಟಬೇಡಿ.

ನಡುವೆ ಶಿಡ್ಲಫಡಿಗೆ ಹೋಗುವ ಕವಲು ಸಿಗುತ್ತದೆ. ಎರಡು ಬಂಡೆಗಳ ನಡುವೆ ತಾನಾಗಿ ಉಂಟಾದ ಕಲ್ಲಿನ ಕಮಾನು, ಕೆಳಗೆ ಆದಿಮಾನವರ ವರ್ಣಚಿತ್ರಗಳು. ಸೈಕಲ್ಲನ್ನು ದೂರದಲ್ಲೇ ಮಲಗಿಸಿ ನಡೆದು ಹೋಗಿ. ಆ ಚಿತ್ರಗಳ ಬಂಡೆಗೆ ಸೈಕಲ್ ಒರಗಿಸಿ ಫೋಟೊ ತೆಗೆದವರನ್ನು ಕಣ್ಣಾರೆ ಕಂಡಿದ್ದೇನೆ, ಹೊಟ್ಟೆ ಉರಿದುಹೋಯಿತು.

ಮಹಾಕೂಟದ ಕಡೆ ಇಳಿಯುವಾಗ ಕಲ್ಲಿನ ಪಾವಟಿಗೆಗಳು. ಬರಿಗಾಲಿನಲ್ಲಿ ನಡೆದು ಬರುವ ಭಕ್ತರ ದಾರಿ ಅದು. ಅಲ್ಲಿ ಇಳಿದು ಹೊತ್ತುಕೊಂಡೇ ಹೋಗಿ.

ಸರಪಳಿ
ಐದರಲ್ಲಿ ಎರಡು ಕಿಲೋಮೀಟರ್ ಹೊರುವುದಾದರೆ ಸೈಕಲ್ ಏಕೆ ಸರ್? ನಡೆದೇ ಹೋಗಬಹುದಲ್ಲ.

ಗಾಲಿಗುರುತು
ಸರಪಳಿಯವರೇ, ನಾನು ಸರ್ ಅಲ್ಲ, ಅಕ್ಕ. ಉಳಿದ ಮೂರು ಕಿಲೋಮೀಟರಿನ ಆಸೆಗೇ ಸೈಕಲ್ ತರುತ್ತಿರುವುದು.

ಎರೆಹೊಲ
ನನ್ನದು ಮಲಪ್ರಭೆಯ ದಂಡೆಯ ಹೊಲ. ದಂಡೆಗೆ ಸಲೀಸಾದ ಕಾಲುದಾರಿ ಇದೆಯೇ ಎಂದು ಕೇಳಿದ್ದೀರಿ, ಅದಕ್ಕೆ ಉತ್ತರ ಕೊಡುತ್ತೇನೆ. ಇಲ್ಲ. ಮೊದಲು ಇತ್ತು. ನಮ್ಮ ಅಜ್ಜನ ಕಾಲದಲ್ಲಿ ಎತ್ತಿನ ಬಂಡಿ ದಂಡೆಗುಂಟ ಊರಿಂದ ಊರಿಗೆ ಹೋಗುತ್ತಿತ್ತು. ಈಗ ಕೆಲವೆಡೆ ಕಬ್ಬು ನೀರಿನ ಅಂಚಿನವರೆಗೂ ಬಂದಿದೆ, ಕೆಲವೆಡೆ ಬಳ್ಳಾರಿ ಜಾಲಿ ಗೋಡೆಯ ಹಾಗೆ ಬೆಳೆದು ನಿಂತಿದೆ. 2009ರಲ್ಲೊಮ್ಮೆ ಹೊಳೆ ಉಕ್ಕಿ ಬಂದಿತ್ತು. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಪಟ್ಟದಕಲ್ಲಿನ ದೇವಸ್ಥಾನಗಳ ಆವರಣಕ್ಕೇ ಹೊಳೆ ನುಗ್ಗಿತು. ನಮ್ಮ ಹೊಲದ ಒಂದು ಮೂಲೆ ಆಗ ಹೋದದ್ದು ಹೋಯಿತು, ನಿನ್ನೆ ಇದ್ದ ಬದು ಮರುದಿನ ಇರಲಿಲ್ಲ. ಹಳೆಯ ನಕ್ಷೆಯಲ್ಲಿ ದಾರಿ ಎಂದು ತೋರಿಸಿರುವ ಕಡೆ ಈಗ ಎರಡು ಆಳು ಎತ್ತರದ ಕೊರಕಲುಗಳಿವೆ.

ಇನ್ನೊಂದು ಮಾತು. ಡಿಸೆಂಬರಿನಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ. ಪಂಪಿನ ಪೈಪು, ವೈರು ನೆಲದ ಮೇಲೆಯೇ ಹಾಯ್ದಿರುತ್ತವೆ. ಬದುವಿನ ಮೇಲೆ ಸೈಕಲ್ ಓಡಿಸಿದರೆ ಬದು ಕುಸಿಯುತ್ತದೆ, ಮುಂದಿನ ಮಳೆಗೆ ಅಲ್ಲಿಂದಲೇ ಮಣ್ಣು ಹರಿದುಹೋಗುತ್ತದೆ. ಸಿಟಿಯವರಿಗೆ ಅದು ಬರೀ ಮಣ್ಣಿನ ದಿಬ್ಬ. ನಮಗೆ ಹಾಗಲ್ಲ.

ದೂರದ ದಾರಿ
ಎರೆಹೊಲ ಅವರ ಕಳಕಳಿ ಅರ್ಥವಾಗುತ್ತದೆ. ಆದರೆ ಒಂದು ಸೈಕಲ್ಲಿನಿಂದ ಬದು ಕುಸಿಯುವುದು ಸ್ವಲ್ಪ ಹೆಚ್ಚಾಯಿತು. ಟ್ರ್ಯಾಕ್ಟರ್ ಹೋದರೆ ಏನೂ ಆಗುವುದಿಲ್ಲವೇ?

ಎರೆಹೊಲ
ಟ್ರ್ಯಾಕ್ಟರ್ ಬದುವಿನ ಮೇಲೆ ಹೋಗುವುದಿಲ್ಲ ಸರ್, ಬಂಡಿದಾರಿಯಲ್ಲಿ ಹೋಗುತ್ತದೆ. ಒಂದು ಸೈಕಲ್ಲಿನ ಮಾತೂ ಅಲ್ಲ ಇದು. ಹೋದ ವರ್ಷ ಯಾರೋ ಮೊಬೈಲಿನಲ್ಲಿ ದಾರಿಯ ಗುರುತು ಹಾಕಿ ಹಂಚಿದರು. ಮೊದಲ ತಿಂಗಳು ಸೈಕಲ್ಲಿನವರು ಬಂದರು, ಮಾತಾಡಿಸಿದರು, ನೀರು ಕುಡಿದು ಹೋದರು. ಮೂರನೇ ತಿಂಗಳು ಅದೇ ಗುರುತು ಹಿಡಿದು ಹನ್ನೆರಡು ಮೋಟಾರ್ ಬೈಕುಗಳು ಬಂದವು. ಕಡಲೆ ಹೊಲದ ನಡುವೆ ಅವರು ಗಾಲಿ ತಿರುಗಿಸಿದ ಜಾಗ ಇವತ್ತಿಗೂ ಬೋಳಾಗಿಯೇ ಇದೆ.

ಹಾಸುಬಂಡೆ
ಈ ಕಾರಣಕ್ಕೇ ನಾನು ದಾರಿಯನ್ನು ಮಾತಿನಲ್ಲಿ ಹೇಳುತ್ತೇನೆ, ಗುರುತಿನ ಕಡತ ಕೊಡುವುದಿಲ್ಲ.

ದೂರದ ದಾರಿ
ಒಪ್ಪುವುದಿಲ್ಲ. ಕಡತ ಇಲ್ಲದಿದ್ದರೆ ಹೊಸಬರು ತಪ್ಪು ದಾರಿ ಹಿಡಿದು ಹೊಲಕ್ಕೇ ನುಗ್ಗುತ್ತಾರೆ. ಸರಿಯಾದ ದಾರಿ ಎಲ್ಲರಿಗೂ ತಿಳಿದಿದ್ದರೆ ಎಲ್ಲರೂ ಅದರಲ್ಲೇ ಹೋಗುತ್ತಾರೆ. ಮುಚ್ಚಿಟ್ಟು ಉಳಿಸಿದ ದಾರಿ ಯಾವುದಿದೆ ಹೇಳಿ.

ರಿಪೇರಿ ಪೆಟ್ಟಿಗೆ
ದಾರಿಯ ಜಗಳ ನಡೆಯಲಿ. ಅಷ್ಟರಲ್ಲಿ ನಾನು ಮುಳ್ಳಿನ ಮಾತು ಹೇಳುತ್ತೇನೆ. ಟ್ಯೂಬ್ ಹಾಕಿಕೊಂಡು ಆ ಕಡೆ ಬರಲೇಬೇಡಿ ಅಕ್ಕಾ.

ನಿಮ್ಮ ಶತ್ರು ನೆಗ್ಗಿಲು ಮುಳ್ಳು. ಹಳದಿ ಹೂವಿನ ಪುಟ್ಟ ಬಳ್ಳಿ, ಮಳೆಗಾಲದಲ್ಲಿ ನೆಲಕ್ಕೆ ಚಾಪೆ ಹಾಸಿದ ಹಾಗೆ ಹರಡಿ, ಚಳಿಗಾಲಕ್ಕೆ ಒಣಗುತ್ತದೆ. ಅದರ ಕಾಯಿ ಒಡೆದು ಐದು ಹೋಳಾಗುತ್ತದೆ, ಒಂದೊಂದು ಹೋಳಿಗೂ ಕೊಂಬಿನಂಥ ಎರಡು ಗಟ್ಟಿ ಮುಳ್ಳು. ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಜಾಲಿಮುಳ್ಳಾದರೂ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಒಂದೇ ಬಂಡಿದಾರಿಯಲ್ಲಿ ಎರಡೂ ಗಾಲಿಗೆ ಹದಿನೆಂಟು ತೂತು ಬಿದ್ದ ಸೈಕಲ್ಲನ್ನು ನಾನೇ ರಿಪೇರಿ ಮಾಡಿದ್ದೇನೆ.

ಟ್ಯೂಬ್‌ಲೆಸ್ ಮಾಡಿಸಿ, ಒಂದೊಂದು ಟಯರಿಗೆ ನೂರು ಮಿಲಿಲೀಟರಿಗೆ ಕಡಿಮೆಯಿಲ್ಲದಂತೆ ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ನಮ್ಮ ಬಿಸಿಲಿಗೆ ಅದು ಬೇಗ ಒಣಗಿ ರಬ್ಬರಿನ ಉಂಡೆಯಾಗುತ್ತದೆ, ಆರು ತಿಂಗಳ ಹಿಂದೆ ಹಾಕಿಸಿದ್ದನ್ನು ನಂಬಿ ಬರಬೇಡಿ. ದಾರಿಯಲ್ಲಿ ಮುಳ್ಳು ಕಂಡರೆ ತಕ್ಷಣ ಕೀಳಬೇಡಿ. ಅದು ಅಲ್ಲೇ ಇದ್ದರೆ ತೂತನ್ನು ಅದೇ ಮುಚ್ಚಿರುತ್ತದೆ. ಸಂಜೆ ಊರು ಸೇರಿ, ಒಂದೊಂದಾಗಿ ಕಿತ್ತು, ತೂತು ಕೆಳಗೆ ಬರುವ ಹಾಗೆ ಗಾಲಿ ತಿರುಗಿಸಿ ನಿಲ್ಲಿಸಿ, ಸೀಲೆಂಟ್ ಅಲ್ಲಿಗೆ ಇಳಿದು ಮೆತ್ತಿಕೊಳ್ಳುತ್ತದೆ. ಒಂದು ಟ್ಯೂಬು ಚೀಲದಲ್ಲಿ ಹೇಗೂ ಇರಲಿ.

ಸರಪಳಿ
ಹದಿನೆಂಟೇ? ನಂಬಲಾಗುತ್ತಿಲ್ಲ.

ರಿಪೇರಿ ಪೆಟ್ಟಿಗೆ
ಒಂದು ಸಲ ಬಂದು ನೋಡಿ, ನಂಬುತ್ತೀರಿ.

ಚೊಳಚಗುಡ್ಡದ ಮೊಮ್ಮಗ
ನಿಮ್ಮ ಚರ್ಚೆ ಓದಿ ಅಪ್ಪ ನೆನಪಾದರು. ಗೇರೂ ಇಲ್ಲ, ಶಾಕೂ ಇಲ್ಲ, ಕಪ್ಪು ಅಟ್ಲಾಸ್ ಸೈಕಲ್. ಹಿಂದಿನ ಕ್ಯಾರಿಯರಿಗೆ ಜೋಳದ ಚೀಲ, ಮುಂದಿನ ದಾಂಡಿಯ ಮೇಲೆ ನಾನು. ಹಳ್ಳ ಬಂದರೆ ಮೊದಲು ನನ್ನನ್ನು ಇಳಿಸಿ ಆಚೆ ದಾಟಿಸುತ್ತಿದ್ದರು, ಆಮೇಲೆ ಚೀಲ ಹೊತ್ತು ದಾಟುತ್ತಿದ್ದರು, ಕೊನೆಗೆ ಸೈಕಲ್ಲಿಗೆ ಬರುತ್ತಿದ್ದರು. ಮೂರು ಸಲ ನೀರಿಗಿಳಿದರೂ ಅವರು ಒಂದು ದಿನ ಗೊಣಗಿದ್ದು ನೆನಪಿಲ್ಲ. ಆ ದಾರಿಗಳನ್ನು ಹುಡುಕಿದ್ದು ಅಂಥವರೇ. ದುಬಾರಿ ಸೈಕಲ್ ಇಲ್ಲದಿದ್ದರೆ ಕೊಳ್ಳಕ್ಕೆ ಇಳಿಯಬಾರದು ಎಂಬ ಭಾವನೆ ಹೊಸಬರಿಗೆ ಬರಬಾರದು.

ತಿರುವು
ಮೊಮ್ಮಗನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಈ ಸೀಮೆಗೆ ಸೈಕಲ್ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಗದಗದ ಹುಡುಗ ಹುಡುಗಿಯರು ಎಷ್ಟೋ ವರ್ಷದಿಂದ ರಾಜ್ಯಕ್ಕೆ ಪದಕ ತರುತ್ತಿದ್ದಾರೆ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾಶಾಲೆಯಿಂದ ಬಂದವರು ಎಷ್ಟು ಜನ! 2021ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ಗದಗದಲ್ಲಿ. ಅವರಲ್ಲಿ ಬಹುತೇಕರು ಒಕ್ಕಲುತನದ ಮನೆಯವರು. ಹೊಲದವರು ಬೇರೆ, ಸೈಕಲ್ಲಿನವರು ಬೇರೆ ಎಂದು ಇಲ್ಲಿ ಜಗಳ ಮಾಡುತ್ತಿರುವುದು ನನಗೆ ಸರಿಕಾಣಲಿಲ್ಲ. ಆ ಮಕ್ಕಳು ಓಡಿಸಲು ಕಲಿತದ್ದೇ ಹೊಲದ ಬಂಡಿದಾರಿಯಲ್ಲಿ.

ಮಂಜಿನ ಊರು (ಎಡಿನ್‌ಬರೊ)
ಹುಟ್ಟಿದ್ದು ಕೆರೂರಿನಲ್ಲಿ, ಈಗಿರುವುದು ಸ್ಕಾಟ್ಲೆಂಡಿನಲ್ಲಿ. ಇಲ್ಲಿ 2003ರಲ್ಲಿ ಒಂದು ಭೂಸುಧಾರಣಾ ಕಾಯ್ದೆ ಬಂತು. ಅದರ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಂಡರೆ ಯಾರ ನೆಲದಲ್ಲಾದರೂ ನಡೆಯಬಹುದು, ಸೈಕಲ್ ಓಡಿಸಬಹುದು. ಮೋಟಾರು ವಾಹನಕ್ಕೆ ಆ ಹಕ್ಕಿಲ್ಲ, ಬೆಳೆ ನಿಂತ ಹೊಲಕ್ಕೂ ಅದು ಅನ್ವಯಿಸುವುದಿಲ್ಲ. ಗೇಟು ತೆರೆದವರು ಮುಚ್ಚಿಯೇ ಹೋಗುತ್ತಾರೆ. ಇಂಥದ್ದೊಂದು ನಮ್ಮಲ್ಲೂ ಇದ್ದರೆ ಎರೆಹೊಲ ಅವರ ಬದುವೂ ಉಳಿಯುತ್ತಿತ್ತು, ಸೈಕಲ್ಲಿನವರ ದಾರಿಯೂ ಉಳಿಯುತ್ತಿತ್ತು.

ಎರೆಹೊಲ
ಅಲ್ಲಿ ಒಬ್ಬೊಬ್ಬರಿಗೆ ಸಾವಿರಾರು ಎಕರೆ ಇರುತ್ತದೆಂದು ಕೇಳಿದ್ದೇನೆ ತಮ್ಮಾ. ನನಗಿರುವುದು ಮೂರು ಎಕರೆ ಹತ್ತು ಗುಂಟೆ. ಗೇಟು ಎಲ್ಲಿ ಹಾಕಲಿ? ನನಗೆ ಕಾಯ್ದೆ ಬೇಡ. ಬಂದವರು ಒಂದು ಮಾತು ಕೇಳಿ ಹೋಗಲಿ, ಸಾಕು.

ಮಂಜಿನ ಊರು
ಅದೂ ಸರಿಯೇ ಕಾಕಾ.

ಖಣದ ಸೆರಗು (ಗುಳೇದಗುಡ್ಡ)
ಇಬ್ಬರು ಹೆಣ್ಣುಮಕ್ಕಳು ಹೊರಟಿದ್ದಾರೆ. ಟಯರು, ಕಾಯ್ದೆ ಎಲ್ಲವನ್ನೂ ಹೇಳಿದಿರಿ, ನಾಯಿಯ ವಿಷಯ ಯಾರೂ ಹೇಳಲಿಲ್ಲ. ಅಕ್ಕಾ, ಚಳಿಗಾಲದಲ್ಲಿ ಕುರಿಹಟ್ಟಿಗಳು ಹೊಲದಲ್ಲೇ ಬೀಡುಬಿಟ್ಟಿರುತ್ತವೆ. ಕುರಿ ಕಾಯುವ ನಾಯಿಗಳಿಗೆ ಓಡುವ ಗಾಲಿ ಕಂಡರೆ ಆಗದು. ಜೋರಾಗಿ ತುಳಿದು ಪಾರಾಗೋಣ ಎಂದುಕೊಳ್ಳಬೇಡಿ. ದೂರದಿಂದಲೇ ಇಳಿಯಿರಿ, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಿಧಾನವಾಗಿ ನಡೆಯಿರಿ, ಕುರಿಗಾಹಿಯನ್ನು ಕೂಗಿ ಮಾತಾಡಿಸಿ. ಯಜಮಾನ ನಿಮ್ಮ ಜೊತೆ ಮಾತಾಡುತ್ತಿರುವುದನ್ನು ಕಂಡರೆ ನಾಯಿ ಸುಮ್ಮನಾಗುತ್ತದೆ. ನಾನು ಹೀಗೆ ಮಾಡಿ ಒಂದು ಸಲವೂ ಕಚ್ಚಿಸಿಕೊಂಡಿಲ್ಲ.

ಹಾಸುಬಂಡೆಯವರು ಮರೆತದ್ದು ಒಂದಿದೆ. ಬಾದಾಮಿಯ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅದರ ಕೆಳಗೆ ಹೊಗೆ ಬೇಡ, ಕೂಗಾಟ ಬೇಡ.

ಊಟಕ್ಕೆ ಬನಶಂಕರಿಗೆ ಹೋಗಿ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳಿನ ಪಲ್ಯ, ಪುಟ್ಟ ಮಡಕೆಯಲ್ಲಿ ಗಟ್ಟಿ ಮೊಸರು ತಂದು ಮಾರುವ ತಾಯಂದಿರು ಸಿಗುತ್ತಾರೆ. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಮಾತ್ರ ಆ ಕಡೆ ಸೈಕಲ್ ತರಬೇಡಿ, ರಸ್ತೆಯ ತುಂಬ ನಡೆದು ಬರುವ ಜನ.

ಚೊಳಚಗುಡ್ಡದ ಮೊಮ್ಮಗ
ಜಾತ್ರೆಗೆ ಸೈಕಲ್ ಬೇಡ, ಆದರೆ ಜಾತ್ರೆಗೆ ಬನ್ನಿ! ರಾತ್ರಿಯಿಡೀ ಕಂಪನಿ ನಾಟಕ. ಒಂದು ನಾಟಕ ಮುಗಿಸಿ ಇನ್ನೊಂದು ತಂಬುವಿಗೆ ಓಡುವ ಜನ ಇವತ್ತಿಗೂ ಇದ್ದಾರೆ.

ಸರಪಳಿ
ದಾರಿಯಲ್ಲಿ ತಿನ್ನಲು ಏನು ಒಯ್ಯುತ್ತೀರಿ? ನಾನು ಪೊಟ್ಟಣದ ಜೆಲ್ ಒಯ್ಯುತ್ತೇನೆ.

ತಿರುವು
ಅಮೀನಗಡಕ್ಕೆ ಹೋಗುವವರು ಜೆಲ್ ಒಯ್ಯುವುದೇ? ಕರದಂಟು ಇದೆಯಲ್ಲ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ. ಒಂದು ತುಂಡು ತಿಂದರೆ ಒಂದು ಗುಡ್ಡ ಹತ್ತಬಹುದು.

ದೂರದ ದಾರಿ
ಕರದಂಟು ಎಂದರೆ ಗೋಕಾಕದ್ದು.

ಖಣದ ಸೆರಗು
ಅಮೀನಗಡದ್ದು. ಈ ವಿಷಯದಲ್ಲಿ ನಾನು ಹಿಂದೆ ಸರಿಯುವುದಿಲ್ಲ.

ರಿಪೇರಿ ಪೆಟ್ಟಿಗೆ
ಕರದಂಟು ಬಿಸಿಲಿಗೆ ಕರಗಿ ಜೇಬಿಗೆ ಅಂಟುತ್ತದೆ. ಎಲ್ಲಿಯದಾದರೂ ಸರಿ, ಬಟರ್ ಪೇಪರಿನಲ್ಲಿ ಸುತ್ತಿ.

ಹಾಸುಬಂಡೆ
ವಿಷಯಕ್ಕೆ ಬರೋಣ. ಗಾಲಿಗುರುತು ಅವರೇ, ಎರಡನೇ ದಿನಕ್ಕೆ ನನ್ನ ಸಲಹೆ ಇದು. ನದಿಗೆ ಅಂಟಿಕೊಂಡೇ ಹೋಗಬೇಕೆಂಬ ಹಟ ಬಿಡಿ. ನದಿಯ ಹತ್ತಿರ ಎರೆ, ಅಂದರೆ ಕಪ್ಪು ಮಣ್ಣು, ಗುಡ್ಡದ ಬುಡದಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು. ಮಸಾರಿ ನೆಲದ ಬಂಡಿದಾರಿಗಳು ಗಟ್ಟಿ, ಯಾರ ಬೆಳೆಯನ್ನೂ ತುಳಿಯಬೇಕಾಗಿಲ್ಲ. ಊರು ಬಂದಾಗಲೆಲ್ಲ ಬಂಡಿದಾರಿಯಲ್ಲಿ ಹೊಳೆಗೆ ಇಳಿಯಿರಿ, ನೋಡಿ, ಮತ್ತೆ ಮೇಲೆ ಬನ್ನಿ. ಐಹೊಳೆಯ ಕಡೆಗೆ ಹೊಳೆಯನ್ನು ಸೇತುವೆಯ ಮೇಲೆಯೇ ದಾಟಿ, ನೀರು ಮೊಣಕಾಲುದ್ದ ಕಂಡರೂ ಇಳಿಯಬೇಡಿ. ತಳದಲ್ಲಿ ಮರಳು ತೆಗೆದ ಗುಂಡಿಗಳಿರಬಹುದು.

ಎರೆಹೊಲ
ಹೌದು, ಇದು ಸರಿಯಾದ ಸಲಹೆ. ಹಿಂದಿನ ಎರಡು ದಿನ ಮಳೆಯಾಗಿದ್ದರೆ ಮಾತ್ರ ಎರೆಗೆ ಕಾಲಿಡಬೇಡಿ. ಇಪ್ಪತ್ತು ಹೆಜ್ಜೆಗೆ ಗಾಲಿ ತಿರುಗುವುದು ನಿಲ್ಲುತ್ತದೆ. ಟಯರಿಗೂ ಫೋರ್ಕಿಗೂ ನಡುವೆ ಮಣ್ಣು ಸೇರಿ ಇಟ್ಟಿಗೆಯಾಗುತ್ತದೆ. ಹೊರಬೇಕೆಂದರೆ ಸೈಕಲ್ಲಿನ ತೂಕ ಎರಡರಷ್ಟಾಗಿರುತ್ತದೆ.

ಗಾಲಿಗುರುತು
ಎಲ್ಲರಿಗೂ ದೊಡ್ಡ ನಮಸ್ಕಾರ. ಟ್ಯೂಬ್‌ಲೆಸ್ ಮಾಡಿಸಿದೆ. ಹೋಗಿಬಂದು ಬರೆಯುತ್ತೇನೆ.

ಗಾಲಿಗುರುತು (ಹದಿನೇಳು ದಿನದ ನಂತರ)
ಹೋಗಿಬಂದೆವು. ಉದ್ದವಾಗಿ ಬರೆಯುತ್ತಿದ್ದೇನೆ, ಓದುವ ತಾಳ್ಮೆ ಇರಲಿ.

ಬೆಳಿಗ್ಗೆ ಆರೂವರೆಗೆ ಅಗಸ್ತ್ಯತೀರ್ಥ ಬಿಟ್ಟೆವು. ನೀರಿನ ಮೇಲೆ ಮಂಜು, ದಂಡೆಯ ಪಾವಟಿಗೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ ಆಚೆಯ ಬಂಡೆಗೆ ಬಡಿದು ಮರಳಿ ಬರುತ್ತಿತ್ತು. ಏರುವ ಭಾಗದಲ್ಲಿ ತಂಗಿ ಎರಡು ಸಲ ಸೈಕಲ್ ಇಳಿಸಿ ಕೂತಳು. ಒಂದು ಕಡೆ ನಾನು ಮೇಲೆ ನಿಂತು ಮುಂದಿನ ಗಾಲಿ ಹಿಡಿದೆಳೆದೆ, ಅವಳು ಕೆಳಗಿನಿಂದ ಸೀಟಿಗೆ ಹೆಗಲು ಕೊಟ್ಟಳು. ಮೇಲೆ ಬಂದಾಗ ಬಿಸಿಲು ಆಗಷ್ಟೇ ಬಂಡೆಗೆ ತಾಗಿತ್ತು, ಕಲ್ಲೆಲ್ಲ ಕುಂಕುಮದ ಬಣ್ಣ. ಹಾಸುಗಲ್ಲಿನ ಮೇಲೆ ಟಯರಿನ ಸಪ್ಪಳವೇ ಬೇರೆ, ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಅಂಗೈ ಜಾರಿಸಿದ ಹಾಗೆ. ಮರಳಿನ ತಗ್ಗಿನಲ್ಲಿ ನಾನು ಬಿದ್ದೆ, ಮೊಣಕೈ ತರಚಿತು. ಮುಂದಿನ ಬ್ರೇಕ್ ಹಿಡಿದದ್ದೇ ಕಾರಣ, ಹಾಸುಬಂಡೆಯವರು ಹೇಳಿದ್ದು ನೂರಕ್ಕೆ ನೂರು ಸತ್ಯ.

ಶಿಡ್ಲಫಡಿಯಲ್ಲಿ ಒಂದು ಗಂಟೆ ಕೂತೆವು. ಪಾವಟಿಗೆಗಳನ್ನು ಹೊತ್ತೇ ಇಳಿದೆವು. ಕೆಳಗಿನಿಂದ ಹತ್ತಿ ಬರುತ್ತಿದ್ದ ಅಜ್ಜಿಯೊಬ್ಬರು ನಿಂತು, ಹೊತ್ತುಕೊಂಡು ಹೋಗುವುದಕ್ಕೆ ಅದಕ್ಕೇನು ಹರಕೆಯೇ ಎಂದು ಕೇಳಿದರು. ಹೌದು ಅಜ್ಜಿ ಎಂದೆ. ಮಹಾಕೂಟದ ಪುಷ್ಕರಣಿಯ ತಣ್ಣೀರಿಗೆ ಕಾಲು ಇಳಿಬಿಟ್ಟಾಗ ಗಂಟೆ ಹನ್ನೊಂದೂಕಾಲು. ಐದು ಕಿಲೋಮೀಟರಿಗೆ ಐದು ಗಂಟೆಯ ಹತ್ತಿರ. ಅದರಲ್ಲಿ ನಿಜವಾಗಿ ಓಡಿಸಿದ್ದು ಎರಡೂವರೆ ಕಿಲೋಮೀಟರ್ ಇರಬಹುದು. ಆದರೂ ಮತ್ತೆ ಹೋಗುತ್ತೇನೆ.

ಎರಡನೇ ದಿನ ಮಸಾರಿ ದಾರಿಯನ್ನೇ ಹಿಡಿದೆವು. ಪಟ್ಟದಕಲ್ಲಿನಲ್ಲಿ ಹೊಳೆ ಉತ್ತರಕ್ಕೆ ಹರಿಯುವುದನ್ನು ಈ ಸಲ ದಿಕ್ಸೂಚಿ ಹಿಡಿದು ನೋಡಿದೆವು. ಚಾಲುಕ್ಯರು ಪಟ್ಟ ಕಟ್ಟಿಸಿಕೊಳ್ಳಲು ಈ ಜಾಗವನ್ನು ಆರಿಸಿದ್ದಕ್ಕೆ ಅದೂ ಒಂದು ಕಾರಣ ಎನ್ನುತ್ತಾರೆ. ಊರುಗಳಲ್ಲಿ ಕೇಳಿಕೊಂಡು ನಾಲ್ಕು ಕಡೆ ಹೊಳೆಗೆ ಇಳಿಯಲು ಹೊರಟೆವು. ಮೂರು ಕಡೆ ಜನ ಜೊತೆಗೇ ಬಂದು ತೋರಿಸಿದರು. ಒಂದು ಕಡೆ ಬೇಡ ಎಂದರು, ತಿರುಗಿ ಬಂದೆವು. ಕುರಿಹಟ್ಟಿಯ ನಾಯಿಗಳು ಮೂರು. ಖಣದ ಸೆರಗು ಅಕ್ಕ ಹೇಳಿದಂತೆ ಇಳಿದು ನಡೆದೆವು. ಕುರಿಗಾಹಿ ಅಣ್ಣ ಕಂಬಳಿಯೊಳಗಿಂದ ಒಂದು ಸಿಳ್ಳೆ ಹಾಕಿದ, ಮೂರೂ ಹೋಗಿ ಅವನ ಕಾಲ ಬಳಿ ಕೂತವು.

ಸಿದ್ಧನಕೊಳ್ಳಕ್ಕೆ ಬಂದಾಗ ಮಧ್ಯಾಹ್ನ ದಾಸೋಹದ ಹೊತ್ತು. ಕೊಳ್ಳದ ಬಂಡೆಯ ನೆರಳಿನಲ್ಲಿ ಕೂತು ಉಂಡೆವು. ಮಕ್ಕಳ ಫಲ ಬೇಡಿ ಬಂದ ಹೆಣ್ಣುಮಕ್ಕಳು ಲಜ್ಜಾಗೌರಿಗೆ ಎಣ್ಣೆ ಹಚ್ಚುತ್ತಿದ್ದರು. ಸೈಕಲ್ಲನ್ನು ಹೊರಗಿನ ಮರಕ್ಕೇ ಒರಗಿಸಿದ್ದೆವು.

ಸಂಜೆ ಅಮೀನಗಡದ ಬಸ್ ನಿಲ್ದಾಣದ ದೀಪದ ಕೆಳಗೆ ಕೂತು ಮುಳ್ಳು ಕಿತ್ತೆವು. ನನ್ನ ಎರಡು ಗಾಲಿಗೆ ಹದಿನಾಲ್ಕು, ತಂಗಿಯ ಸೈಕಲ್ಲಿಗೆ ಇಪ್ಪತ್ತಮೂರು.

ಸರಪಳಿ
ಇಪ್ಪತ್ತಮೂರು! ರಿಪೇರಿ ಪೆಟ್ಟಿಗೆಯವರೇ, ನಿಮ್ಮ ಮಾತು ಈಗ ನಂಬಿದೆ.

ರಿಪೇರಿ ಪೆಟ್ಟಿಗೆ
ಗಾಳಿ ಎಷ್ಟು ಇಳಿದಿತ್ತು ಅಕ್ಕಾ?

ಗಾಲಿಗುರುತು
ಕೀಳುವಾಗ ಸಣ್ಣಗೆ ಬುಸ್ ಎಂದು ಬಿಳಿ ಹಾಲು ಬಂದು ನಿಂತಿತು. ಮರುದಿನ ಬೆಳಿಗ್ಗೆ ಮುಟ್ಟಿ ನೋಡಿದರೆ ಗಟ್ಟಿಯಾಗಿಯೇ ಇತ್ತು. ಪಂಪು ತೆಗೆಯಲೇ ಇಲ್ಲ.

ದೂರದ ದಾರಿ
ನಾನು ಒಂದು ಮಾತು ಹಿಂತೆಗೆದುಕೊಳ್ಳುತ್ತೇನೆ. ನಾಲ್ಕು ಊರಲ್ಲಿ ಕೇಳಿದ್ದರಿಂದ ನಾಲ್ಕು ಊರಿನ ಜನರ ಪರಿಚಯವಾಯಿತಲ್ಲ, ಕಡತ ಹಿಡಿದು ಹೋಗಿದ್ದರೆ ಅದು ಆಗುತ್ತಿರಲಿಲ್ಲ. ಆದರೆ ಮಹಾಕೂಟದ ದಾರಿಯದ್ದು ಹಂಚಲೇಬೇಕು ಎಂಬುದು ಈಗಲೂ ನನ್ನ ನಿಲುವು. ಅಲ್ಲಿ ಯಾರ ಹೊಲವೂ ಇಲ್ಲ, ದಾರಿ ತಪ್ಪಿದರೆ ಬಂಡೆಯ ಅಂಚಿಗೆ ಹೋಗಿ ನಿಲ್ಲುವ ಅಪಾಯವಿದೆ.

ಹಾಸುಬಂಡೆ
ಅದು ಯೋಚಿಸಬೇಕಾದ ಮಾತು. ಶಿಡ್ಲಫಡಿಯ ಕವಲು ಬಿಟ್ಟು ಉಳಿದದ್ದನ್ನು ಕೊಡಬಹುದೇನೋ. ಮೊದಲು ದೇವಸ್ಥಾನದವರನ್ನು ಒಂದು ಮಾತು ಕೇಳುತ್ತೇನೆ.

ತಿರುವು
ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ತನಕ 304 ಕಿಲೋಮೀಟರ್. ಬಂಡಿದಾರಿ ಹಿಡಿದು ಇಡೀ ನದಿಯ ಗುಂಟ ಹೋಗಲು ಯಾರು ಬರುತ್ತೀರಿ? ನಾನು ಆರು ದಿನ ಎಂದು ಲೆಕ್ಕ ಹಾಕಿದ್ದೇನೆ.

ಚೊಳಚಗುಡ್ಡದ ಮೊಮ್ಮಗ
ನಾನು ಬರುತ್ತೇನೆ. ಅಪ್ಪನ ಅಟ್ಲಾಸ್ ಇನ್ನೂ ಅಟ್ಟದ ಮೇಲಿದೆ, ಬೇರಿಂಗು ಬದಲಿಸಿದರೆ ಓಡುತ್ತದೆ.

ರಿಪೇರಿ ಪೆಟ್ಟಿಗೆ
ತಂದುಕೊಡಿ, ನಾನು ಮಾಡಿಕೊಡುತ್ತೇನೆ. ಬ್ರೇಕಿನ ಸರಳುಗಳನ್ನೂ ನೋಡಬೇಕು.

ಎರೆಹೊಲ
ಗಾಲಿಗುರುತು ತಂಗಿ, ಬೇಡ ಎಂದಾಗ ತಿರುಗಿ ಬಂದೆವು ಎಂದು ಬರೆದಿದ್ದೀರಿ. ಆ ಹೊಲ ನನ್ನ ಭಾವನದು. ಅವತ್ತು ಬೆಳೆಗೆ ನೀರು ಬಿಟ್ಟಿದ್ದ, ಕಾಲಿಟ್ಟಿದ್ದರೆ ಹುಗಿಯುತ್ತಿತ್ತು, ಅದಕ್ಕೇ ಬೇಡ ಎಂದನಂತೆ. ಸೈಕಲ್ಲಿನ ಹೆಣ್ಣುಮಕ್ಕಳು ಬಂದಿದ್ದರು, ಒಂದು ಮಾತಿಗೆ ತಿರುಗಿ ಹೋದರು, ನೀರೂ ಕೊಡಲಿಲ್ಲ ಎಂದು ಮನೆಯಲ್ಲಿ ಹೇಳಿಕೊಂಡಿದ್ದಾನೆ. ಜೋಳ ಈಗ ಹಾಲುಗಾಳು ತುಂಬುತ್ತಿದೆ, ಇನ್ನೆರಡು ವಾರಕ್ಕೆ ಸೀತನಿ, ಸುಟ್ಟು ತಿನ್ನುವ ಎಳೆಯ ಜೋಳದ ತೆನೆ, ಬರುತ್ತದೆ. ಇಬ್ಬರೂ ಬನ್ನಿ. ಹೊಳೆಯ ತನಕ ಬಂಡಿದಾರಿ ನಾನೇ ತೋರಿಸುತ್ತೇನೆ.

ಗಾಲಿಗುರುತು
ಬರುತ್ತೇವೆ ಅಣ್ಣಾ. ತಂಗಿ ಈಗಾಗಲೇ ಟಯರು ತೊಳೆಯುತ್ತಿದ್ದಾಳೆ.